ರಫೂ ಅಕ್ಕನೂ ಚಿತ್ರಗಾರರ ಕಿಟಕಿಯೂ

ನನ್ನ ಓರಗಿತ್ತಿಯನ್ನು ಊರೆಲ್ಲ ರಫೂ ಅಕ್ಕ ಎಂದೇ ಕರೆಯುತ್ತದೆ. ನನಗೆ ಬರೀ ಅಕ್ಕ. ನಮ್ಮ ಯಜಮಾನರ ಅಣ್ಣನ ಹೆಂಡತಿ ಅವಳು. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಅರ್ಧ ಯಜಮಾನಿಕೆ ಅವಳ ಕೈಗೆ ಬಂದಿತ್ತು, ಉಳಿದರ್ಧವನ್ನು ನಮ್ಮ ಅತ್ತೆ ಬಿಗಿಯಾಗಿ ಹಿಡಿದುಕೊಂಡಿದ್ದರು.

ಕೋಟಿಗೋ ಶಾಲಿಗೋ ಹುಳು ತಿಂದು, ಬೀಡಿಯ ಕಿಡಿ ಬಿದ್ದು, ಮೊಳೆ ತಗುಲಿ ತೂತಾದರೆ, ಆ ತೂತಿನ ಜಾಗದಲ್ಲಿ ಒಂದೊಂದೇ ಎಳೆ ಕೂರಿಸಿ ಬಟ್ಟೆಯನ್ನು ಮತ್ತೆ ನೇಯುವುದು ಅಕ್ಕನ ಕಸುಬು. ಅದನ್ನು ತೇಪೆ ಎಂದವರಿಗೆ ಅವಳು ಬಟ್ಟೆ ವಾಪಸ್ ಕೊಟ್ಟು ಕಳಿಸಿದ್ದುಂಟು. ತೇಪೆ ಕಾಣುತ್ತದೆ, ರಫೂ ಕಾಣಬಾರದು. ವಿಚಿತ್ರ ಕಸುಬು ನೋಡಿ. ಚೆನ್ನಾಗಿ ಮಾಡಿದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟ ದಿನ ಬೀದಿಗೆಲ್ಲ ಗೊತ್ತಾಗುತ್ತದೆ. ಅಂಥ ಕೆಟ್ಟ ದಿನ ಅಕ್ಕನಿಗೆ ಬಂದಿರಲೇ ಇಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ಅವಳ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿಗೆ ಆಮೇಲೆ ನೋಡೋಣ ಎಂದರು. ಹೊಸ ಕಣ್ಣಿಗೆ ಸ್ವಲ್ಪ ದಿನ ಆಯಾಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಹೊಸ ಕಣ್ಣಿಗೆ ತಾನೇ ಬೇಡ ಎಂದಿದ್ದು, ಹಳೆಯದಕ್ಕಲ್ಲವಲ್ಲ. ಬಲಗಣ್ಣಿಗೆ ಹತ್ತಿ ಇಟ್ಟುಕೊಂಡು, ಎಡಗಣ್ಣಲ್ಲಿ, ರಾತ್ರಿ ಊಟಕ್ಕೆ ಮುಂಚೆ ಟ್ಯೂಬ್‌ಲೈಟಿನ ಕೆಳಗೆ ಕೂತು ಎದುರು ಮನೆ ಗಡಿಯಾರ ರಿಪೇರಿಯವನ ಕೋಟಿನ ತೋಳು ರಫೂ ಮಾಡಿದಳು. ಮೋಡದ ಬಣ್ಣದ ಕೋಟು, ಬೂದಿಯೂ ಅಲ್ಲ, ನೀಲಿಯೂ ಅಲ್ಲ.

ಕೆಲವೇ ದಿನಕ್ಕೆ ಗಡಿಯಾರದವನ ಹೆಂಡತಿ ಆ ಕೋಟು ಹಿಡಿದುಕೊಂಡು ಬಂದಳು. ಒಳ್ಳೆಯ ಹೆಂಗಸು, ಮಾತು ಮಾತ್ರ ಸೋಸದೆ ಬರುತ್ತದೆ.

“ಅಜ್ಜಿ, ಬೇಜಾರು ಮಾಡ್ಕೋಬೇಡಿ. ತೋಳಿನ ಮೇಲೆ ಟೀ ಚೆಲ್ಕೊಂಡಿದಾರೆ ಅಂದ್ಕೊಂಡು ಒದ್ದೆ ಬಟ್ಟೇಲಿ ಉಜ್ಜಿ ಉಜ್ಜಿ ನೋಡ್ದೆ. ಹೋಗ್ಲೇ ಇಲ್ಲ. ಆಮೇಲೆ ಗೊತ್ತಾಯ್ತು, ಅದು ನಿಮ್ಮ ರಫೂ ಅಂತ!”

ಅಕ್ಕ ಕೋಟು ಇಸಕೊಂಡಳು. ಆ ಹೆಂಗಸು ಹೋದ ಮೇಲೆ ದೀಪದ ಕೆಳಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಮತ್ತೆ ಅದನ್ನೇ ಮಾಡಿದಳು. ನಾನು ಅವತ್ತು ಅಲ್ಲೇ ಇದ್ದೆ. ಅಕ್ಕ ಈಗ ಮಗಳ ಮನೆಯಲ್ಲಿದ್ದಾಳೆ. ನಾನೂ ಒಂಟಿಯಾದ ಮೇಲೆ ಅವಳಿಗೆ ಜೊತೆ ಎಂದು ಅಲ್ಲಿಗೇ ಬಂದು ಸೇರಿದ್ದೇನೆ.

“ಎಡಗಣ್ಣಿಗೆ ಇಲ್ಲ, ಬಲಗಣ್ಣಿಗೆ ಇದೆ,” ಎಂದಳು. “ಬಲಗಣ್ಣಲ್ಲಿ ನೋಡಿದ್ರೆ ಕಂದು ಮಚ್ಚೆ ಥರ ಎದ್ದು ಕೂತಿದೆ. ಎಡಗಣ್ಣಲ್ಲಿ ನೋಡಿದ್ರೆ ಎಲ್ಲಿ ಅಂತ ನನಗೇ ಗೊತ್ತಾಗಲ್ಲ.”

ಮಗಳು ಬಂದು ನೋಡಿದಳು. “ಏನೂ ಕಾಣ್ತಿಲ್ಲ ಬಿಡಮ್ಮಾ, ಚೆನ್ನಾಗಿದೆ.”

“ನೀನು ಹೆತ್ತ ಮಗಳು, ನಿನ್ನ ಸಾಕ್ಷಿ ನಡೆಯಲ್ಲ. ನೀನು ನೋಡೇ,” ಎಂದು ಕೋಟನ್ನು ನನ್ನ ಕಡೆ ತಳ್ಳಿದಳು.

ನಾನು ನೋಡಿದೆ. ನನಗೂ ಕಾಣಲಿಲ್ಲ. ಹಾಗೆಂದು ಹೇಳಿದ್ದೇ ತಪ್ಪಾಯಿತು.

“ನಿನ್ನನ್ನ ಕೇಳಿದ್ನಲ್ಲ! ಎರಡಕ್ಕೂ ಪೊರೆ ಬಂದು ಕೂತಿದೆ, ತೆಗೆಸ್ಕೊಳ್ಳೇ ಅಂದ್ರೆ ಹೆದರಿಕೆ. ನಿನ್ನದು ಕಣ್ಣಲ್ಲ ಕಣೇ, ಕಾಫಿ ಸೋಸೋ ಬಟ್ಟೆ.”

ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವಳೇ ಮಗಳನ್ನು ಕರೆದು ಹೇಳಿದಳು. “ಕಿಟಕಿ ಹತ್ರ ಕರ್ಕೊಂಡು ಹೋಗು. ಕೇಳ್ಕೊಂಡು ಬರ್ತೀನಿ. ದೀಪದ ತಪ್ಪು ಅಂದ್ರೆ ಇನ್ಮೇಲೆ ಹಗಲು ಹೊತ್ತು ಮಾತ್ರ ಹೊಲೀತೀನಿ. ಕಣ್ಣಿಂದೇ ತಪ್ಪು ಅಂದ್ರೆ ಸೂಜಿ ಡಬ್ಬಿ ಮುಚ್ಚಿ ನಿನ್ನ ಕೈಗೆ ಕೊಡ್ತೀನಿ.”

“ಯಾವ ಕಿಟಕಿ ಅಮ್ಮಾ?”

“ಯಾವ್ದು ಅಂದ್ರೆ? ನಮ್ಮ ಕಿಟಕಿ.”

“ಅದೀಗ ಮ್ಯೂಸಿಯಂ ಅಲ್ವಾ! ಒಳಗೆ ಹೋಗಕ್ಕೆ ಟಿಕೆಟ್ ತಗೋಬೇಕು.”

“ನಮ್ಮನೆಗೆ ನಾವು ಟಿಕೆಟ್ಟಾ?” ಎಂದಳು ಅಕ್ಕ. ಮತ್ತೆ ತಾನೇ, “ಸರಿ, ತಗೋ. ಬಾಡಿಗೆ ಕೊಟ್ಕೊಂಡು ಇದ್ದ ಮನೆ ತಾನೆ, ಕೊಟ್ಟು ಅಭ್ಯಾಸ ಇದೆ,” ಎಂದಳು.

ಆ ಕಿಟಕಿ ಎಂಥದ್ದು ಎಂದು ಹೇಳದೆ ಅಕ್ಕನ ಕಥೆ ಮುಂದಕ್ಕೆ ಹೋಗುವುದಿಲ್ಲ.

ಆ ಮನೆಯಲ್ಲಿ ನಮಗಿಂತ ಮೊದಲು ಒಬ್ಬ ಚಿತ್ರಗಾರರು ಇದ್ದರು. ಅವರ ಹೆಸರು ಈಗ ಶಾಲೆಯ ಪುಸ್ತಕದಲ್ಲಿದೆ, ರಸ್ತೆಗೂ ಇಟ್ಟಿದ್ದಾರೆ. ಆಗ ಹಾಗಲ್ಲ. ಬಾಡಿಗೆ ಸರಿಯಾಗಿ ಕೊಡದೆ ಹೋದ ಮನುಷ್ಯ ಎಂದಷ್ಟೇ ಕೆಳಗಡೆ ಅಂಗಡಿಯ ಗುಂಡಿ ವ್ಯಾಪಾರಿ ಹೇಳುತ್ತಿದ್ದರು. ಮನೆ ಆ ವ್ಯಾಪಾರಿಯದೇ. ಚಿತ್ರಗಾರರು ಇರುವಾಗ ಮಹಡಿಯ ದೊಡ್ಡ ಕೋಣೆಯ ಉತ್ತರ ಗೋಡೆಯನ್ನು ಅರ್ಧ ಒಡೆಸಿ, ಸೊಂಟದೆತ್ತರದಿಂದ ಮಾಡಿನವರೆಗೆ ಗಾಜಿನ ಕಿಟಕಿ ಮಾಡಿಸಿಕೊಂಡಿದ್ದರಂತೆ. ಅವರು ಹೋದ ಮೇಲೆ ಆ ಕೋಣೆಗೆ ಯಾರೂ ಬರಲಿಲ್ಲ. ಚಳಿಯಲ್ಲಿ ಗಾಳಿ ನುಗ್ಗುತ್ತದೆ, ಬಿಸಿಲು ಬರುವುದೇ ಇಲ್ಲ, ಯಾರಿಗೆ ಬೇಕು ಅಂಥ ಕಿಟಕಿ?

ಭಾವನಿಗೆ ಬೇಕಾಗಿತ್ತು. ಭಾವ ಎಂದರೆ ಅಕ್ಕನ ಗಂಡ, ರಫೂ ಕೆಲಸದಲ್ಲಿ ಅವಳ ಗುರು. ಮನೆ ನೋಡಲು ಹೋದಾಗ ನೀರು ಎಲ್ಲಿ ಬರುತ್ತದೆ, ಒಲೆ ಎಲ್ಲಿಡಬೇಕು ಎಂದು ಒಂದು ಮಾತು ಕೇಳಲಿಲ್ಲವಂತೆ. ಜೇಬಿನಿಂದ ಎರಡು ಎಳೆ ಕಪ್ಪು ನೂಲು ತೆಗೆದು ಕಿಟಕಿಗೆ ಹಿಡಿದರಂತೆ. ಒಂದು ಕಪ್ಪು, ಇನ್ನೊಂದು ಕಪ್ಪಿನಂಥ ನೀಲಿ. ಕೈ ಚಾಚಿದಷ್ಟು ದೂರದಿಂದಲೇ ಎರಡೂ ಬೇರೆ ಬೇರೆ ಕಂಡವು. ಅಲ್ಲೇ ಮುಂಗಡ ಕೊಟ್ಟರು. ನೀರಿಗೆ ಎರಡು ಮಹಡಿ ಇಳಿಯಬೇಕು ಎಂದು ಗೊತ್ತಾದಾಗ ಅತ್ತೆ, “ನನ್ನ ಮಗ ಸೊಸೆಗೆ ಮನೆ ಮಾಡಿಲ್ಲ, ನೂಲಿಗೆ ಮನೆ ಮಾಡಿದಾನೆ,” ಎಂದು ಬೀದಿಗೆಲ್ಲ ಸಾರಿದರು.

ಬಿಸಿಲು ಬಣ್ಣಕ್ಕೆ ಆಗುವುದಿಲ್ಲ. ಬೆಳಿಗ್ಗೆ ಒಂದು ಥರ ಕಾಣಿಸುತ್ತದೆ, ಸಂಜೆ ಇನ್ನೊಂದು ಥರ. ಆ ಕಿಟಕಿಯ ಬೆಳಕು ಹಾಗಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ, ತಣ್ಣಗೆ, ನಿಂತ ನೀರಿನ ಹಾಗೆ.

ಅಕ್ಕ ಮದುವೆಯಾಗಿ ಬಂದಾಗ ಅವಳಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಭಾವ ಕಲಿಸಲೂ ಇಲ್ಲ. ಕಲಿಸುವುದು ಎಂದರೆ ಅವರಿಗೆ ಬಿಚ್ಚಿಸುವುದು. ಹಳೆಯ ಕಂಬಳಿಯ ತುಂಡು ಕೊಟ್ಟು, “ಹಾಳು ಮಾಡು, ಆಮೇಲೆ ಬಿಚ್ಚು,” ಎನ್ನುತ್ತಿದ್ದರು. ಅವಳು ಮಾಡುವಳು, ಅವರು ಬೆರಳು ಆಡಿಸುವರು, “ಬಿಚ್ಚು” ಎನ್ನುವರು. ಊಟಕ್ಕೆ ಬನ್ನಿ ಎಂದು ಕರೆದರೂ “ಬಿಚ್ಚು” ಎನ್ನುವಷ್ಟು ಆ ಮಾತು ಅವರ ನಾಲಿಗೆಗೆ ಅಂಟಿತ್ತು. ನಮ್ಮ ಯಜಮಾನರು, “ಅತ್ತಿಗೆ, ಅಣ್ಣ ಸತ್ತರೆ ನಾನು ಅಳಲ್ಲ, ಬಿಚ್ಚಿ ಅಂತೀನಿ,” ಎಂದು ಅವಳನ್ನು ನಗಿಸುತ್ತಿದ್ದರು. ನಾವಿಬ್ಬರೂ ಆ ದೊಡ್ಡ ಕೋಣೆಯ ಹಿಂದಿನ ಚಿಕ್ಕ ಕೋಣೆಯಲ್ಲಿದ್ದೆವು. ಯಜಮಾನರು ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಅವರಿಗೂ ಕೆಲಸ ಇಲ್ಲದ ದಿನ ಓದಲು ಆ ಕಿಟಕಿಯೇ ಬೇಕು.

ರಫೂ ಮಾಡುವವರಿಗೆ ಹೊಲಿಗೆ ಬಂದರೆ ಸಾಲದು, ನೂಲು ಸಿಗಬೇಕು. ಕೋಟಿನ ಮಡಿಕೆಯ ಒಳಗಿನಿಂದಲೇ ಎಳೆ ಎಳೆಯಬಹುದು. ಆದರೆ ಒಳಗಿನ ಎಳೆ ಬಿಸಿಲು ಕಂಡಿರುವುದಿಲ್ಲ, ಮೈಮೇಲಿನ ಬಟ್ಟೆ ಎಷ್ಟೋ ವರ್ಷದ ಬಿಸಿಲು ತಿಂದಿರುತ್ತದೆ. ಹೊಸದಾಗಿ ಕೂರಿಸಿದ ಎಳೆ ಗುಂಪಿನಲ್ಲಿ ಅಪರಿಚಿತನ ಹಾಗೆ ಕಾಣುತ್ತದೆ. ಅದಕ್ಕೇ ಭಾವ ನೂಲನ್ನು ಮಾಗಿಸುತ್ತಿದ್ದರು. ಒಂದೇ ಬಣ್ಣದ ನೂಲಿನ ಲಡಿಗಳನ್ನು ತಾರಸಿಯ ತಂತಿಗೆ ಸಾಲಾಗಿ ಕಟ್ಟುವುದು, ಒಂದನ್ನು ಬೇಗ ಇಳಿಸುವುದು, ಇನ್ನೊಂದನ್ನು ಮಳೆಗಾಲ ಬರುವ ತನಕ ಬಿಡುವುದು. ಹೀಗೆ ಒಂದು ಬೂದಿ ಬಣ್ಣದಿಂದಲೇ ಅಕ್ಕನ ಪೆಟ್ಟಿಗೆಯಲ್ಲಿ ಒಂದು ಸಂಸಾರದಷ್ಟು ಬೂದಿ ಬಣ್ಣಗಳಿದ್ದವು. ಅವಕ್ಕೆ ಹೆಸರೂ ಇದ್ದವು. ಅತ್ತೆಯ ಕೂದಲು, ಪಾರಿವಾಳ, ಒಲೆಬೂದಿ, ಬಾಡಿಗೆ ದಿನದ ಮೋಡ.

ಬಣ್ಣದ ಜಗಳ ಆ ಮನೆಯಲ್ಲಿ ದಿನಾ ಇರುತ್ತಿತ್ತು. ಇದು ಪಾರಿವಾಳ ಎಂದು ಅವಳು, ಒಲೆಬೂದಿ ಎಂದು ಅವರು. ಜಗಳ ಜೋರಾದಾಗ ಭಾವ ಎದ್ದು ಕಿಟಕಿಯ ಬಳಿ ಹೋಗಿ ಎಳೆಯನ್ನು ಬಟ್ಟೆಯ ಮೇಲಿಟ್ಟು ಹಿಡಿಯುವರು. ಎಳೆ ಬಟ್ಟೆಯೊಳಗೆ ಮುಳುಗಿದರೆ ಸರಿ, ತೇಲಿದರೆ ತಪ್ಪು. ಅಲ್ಲಿಗೆ ಮಾತು ಮುಗಿಯಿತು. ಕಿಟಕಿ ಹೇಳಿದ ಮೇಲೆ ಮತ್ತೆ ವಾದ ಮಾಡಿದವರನ್ನು ನಾನು ನೋಡಿಲ್ಲ. ದೀಪ ಹಚ್ಚಿದ ಮೇಲೆ ನೂಲು ಆರಿಸುವಂತಿಲ್ಲ. ಕಿಟಕಿಗೂ ಮೇಜಿಗೂ ನಡುವೆ ಯಾರೂ ನಿಲ್ಲುವಂತಿಲ್ಲ. ನಾನು ಬಸುರಿಯಾಗಿದ್ದಾಗ ಒಂದು ಸಲ ಅಡ್ಡ ಬಂದು ನಿಂತಿದ್ದಕ್ಕೆ, “ಇಬ್ಬರೂ ಪಕ್ಕಕ್ಕೆ ಸರೀರಿ,” ಎಂದಿದ್ದರು ಭಾವ, ನಗದೆ.

ಹಾಗೆ ನಮ್ಮ ಕಾಲ ಕಳೆಯಿತು. ಮಕ್ಕಳು ಅದೇ ಕೋಣೆಯಲ್ಲಿ ಹುಟ್ಟಿ ಅದೇ ಮೆಟ್ಟಿಲಲ್ಲಿ ಬಿದ್ದು ಎದ್ದು ಬೆಳೆದವು. ಅತ್ತೆ ಕಿಟಕಿಯ ಎದುರು ಮೂಲೆಯ ಮಂಚದಿಂದ ಎಲ್ಲರ ಮೇಲೂ ಕಣ್ಣಿಟ್ಟುಕೊಂಡೇ ಹೋದರು. ಅಷ್ಟರಲ್ಲಿ ಆ ಚಿತ್ರಗಾರರು ಎಲ್ಲೋ ತೀರಿಕೊಂಡು, ತೀರಿಕೊಂಡ ಮೇಲೆ ದೊಡ್ಡವರಾದರು. ಕೋಟು ಹಾಕಿದವರು ಬಂದು ನಮ್ಮ ಗೋಡೆ ಅಳತೆ ಮಾಡಿದರು. ಗುಂಡಿ ವ್ಯಾಪಾರಿಯ ಮಕ್ಕಳು ಮನೆ ಮಾರಿದರು. ನಾವೆಲ್ಲ ಚದುರಿದೆವು. ಮುಂದಿನ ಮನೆಯಲ್ಲಿ ಬೆಳಕಿಲ್ಲ ಎಂದು ಗೊಣಗುತ್ತ ಗೊಣಗುತ್ತಲೇ ಭಾವ ಕೆಲವು ವರ್ಷ ಕೆಲಸ ಮಾಡಿದರು, ಆಮೇಲೆ ಮಲಗಿದರು, ಹೋದರು. ಕೆಲಸ ಅಕ್ಕನೊಬ್ಬಳದಾಯಿತು.

ಮಗಳು ರಜೆ ಹಾಕಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಅಕ್ಕನ ಕೈಚೀಲದಲ್ಲಿ ಗಡಿಯಾರದವನ ಕೋಟು, ಕಾಗದದ ಪೊಟ್ಟಣದಲ್ಲಿ ಬೂದಿ ಬಣ್ಣದ ನೂಲುಗಳು. ಸೂಜಿ ತರಬೇಡ, ಒಳಗೆ ಬಿಡುವುದಿಲ್ಲ ಎಂದು ಮಗಳು ಹೇಳಿದ್ದಳು.

ಮನೆಗೆ ಹೊಸ ಬಣ್ಣ ಬಳಿದಿದ್ದರು. ಗುಂಡಿ ಅಂಗಡಿಯ ಜಾಗದಲ್ಲಿ ಟಿಕೆಟ್ ಕೊಡುವ ಕಿಂಡಿ. ಬಾಗಿಲ ಪಕ್ಕದ ಫಲಕವನ್ನು ಮಗಳು ಗಟ್ಟಿಯಾಗಿ ಓದುತ್ತ ಹೋದವಳು ನಡುವೆ ನಿಂತಳು.

“ನೋಡಿಲ್ಲಿ ಚಿಕ್ಕಮ್ಮಾ! ಅವರು ಹೋದ ಮೇಲೆ ಮನೆ ಬಹಳ ವರ್ಷ ಪಾಳು ಬಿದ್ದಿತ್ತಂತೆ! ಐದು ಸಂಸಾರ ಇದ್ವಿ, ಪಾಳಂತೆ!”

“ಮೆಲ್ಲಗೆ ಕಣೇ,” ಎಂದಳು ಅಕ್ಕ. “ನೀವು ಮಕ್ಕಳು ಮಾಡ್ತಿದ್ದ ಗಲಾಟೆಗೆ ಆ ಗುಂಡಿಯವ್ರೂ ಮನೆ ಪಾಳಾಯ್ತು ಅಂತಿದ್ರು.”

ಮೆಟ್ಟಿಲು ಅವೇ. ನಡುವೆ ಸವೆದ ಗುಳಿಗಳೂ ಅವೇ. ಅಕ್ಕ ಕಂಬಿ ಹಿಡಿಯದೆ ಹತ್ತಿದಳು, ಕಾಲಿಗೆ ಎಲ್ಲ ನೆನಪಿತ್ತು. ಮೇಲೆ ಮನೆ ತೋರಿಸುವ ಹುಡುಗಿ ನಿಂತಿದ್ದಳು, ಕೊರಳಿಗೆ ಚೀಟಿ ನೇತು ಹಾಕಿಕೊಂಡು. ಅವತ್ತು ಬೆಳಿಗ್ಗೆ ಬಂದವರು ನಾವೇ.

ಕೋಣೆಯ ನಡುವೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಚಿತ್ರದ ಹಲಗೆ, ಒಣಗಿದ ಕುಂಚಗಳು, ಯಾರೂ ಕೂರಬಾರದ ಕುರ್ಚಿ. ನಮ್ಮ ಒಲೆ ಇದ್ದಲ್ಲಿ ಬಣ್ಣದ ಬಾಟಲಿಗಳು. ಅತ್ತೆಯ ಮಂಚ ಇದ್ದ ಮೂಲೆಯಲ್ಲಿ ಕಂಬದ ಮೇಲೆ ಚಿತ್ರಗಾರರ ಕಂಚಿನ ತಲೆ. ಕಣ್ಣು ನೇರ ಬಾಗಿಲ ಮೇಲೆ.

“ಅತ್ತೆಗೆ ಮೀಸೆ ಬಂದಿದೆ,” ಎಂದಳು ಅಕ್ಕ ನನ್ನ ಕಿವಿಯಲ್ಲಿ. ನಾನು ಕೆಮ್ಮಿದ ಹಾಗೆ ಮಾಡಿದೆ.

ಹುಡುಗಿ ನೆಲದ ಮೇಲೆ ಒಂದು ಕಡೆ ಗಾಜು ಮುಚ್ಚಿದ್ದನ್ನು ತೋರಿಸಿದಳು. ಕೆಳಗೆ ನಾಲ್ಕಾರು ಬಣ್ಣದ ಹನಿ. “ಇವು ಅವರ ಕೈಯಿಂದ ಬಿದ್ದ ಹನಿಗಳು. ಕೋಣೆ ತುಂಬಾ ಇದ್ದವಂತೆ. ಕಾಲ ಕಳೆದ ಹಾಗೆ ಎಲ್ಲ ಅಳಿಸಿ ಹೋಗಿ ಇಷ್ಟೇ ಉಳಿದಿರೋದು.”

ಆ ನೆಲವನ್ನು ಅತ್ತೆ ಸೋಡಾ ಹಾಕಿ, ಮರಳು ಹಾಕಿ, ‘ಯಾವ ಪುಣ್ಯಾತ್ಮ ಮಾಡಿದ್ದೋ’ ಎಂದು ಶಾಪ ಹಾಕಿ ಉಜ್ಜಿಸಿದ್ದು ನಮ್ಮ ಕೈಯಲ್ಲೇ. ಗಾಜಿನ ಕೆಳಗಿದ್ದುದು ಮಂಚದ ಅಡಿಯ ಭಾಗ. ಅಲ್ಲಿಗೆ ನಮ್ಮ ಕೈ ತಲುಪುತ್ತಿರಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು.

ಆಮೇಲೆ ಅಕ್ಕ ಕಿಟಕಿಯ ಕಡೆ ತಿರುಗಿದಳು. ಅವಳ ನಗು ನಿಂತಿತು.

ಕಿಟಕಿ ಇತ್ತು. ಅಷ್ಟೇ ಎತ್ತರ, ಅಷ್ಟೇ ಅಗಲ. ಬೆಳಕು ಮಾತ್ರ ಬೇರೆ. ಗಾಜಿನ ಮೇಲೆಲ್ಲ ಹೊಗೆ ಬಣ್ಣದ ತೆಳು ಹಾಳೆ ಅಂಟಿಸಿದ್ದರು. ಕೋಣೆಯೆಲ್ಲ ಸಂಜೆಯ ಹಾಗಿತ್ತು.

“ಇದೇನಮ್ಮಾ ಇದು?”

“ಬೆಳಕು ಬಿದ್ದರೆ ಚಿತ್ರ ಹಾಳಾಗತ್ತೆ ಅಜ್ಜಿ. ಅದಕ್ಕೆ.”

ಅಕ್ಕ ಹಗ್ಗ ಹಿಡಿದುಕೊಂಡು ನಿಂತುಬಿಟ್ಟಳು. ಬೆಳಕಿಗಾಗಿ ಗೋಡೆ ಒಡೆಸಿದ ಮನುಷ್ಯನ ಮನೆಯಲ್ಲಿ ಬೆಳಕನ್ನೇ ಹೊರಗಿಟ್ಟಿದ್ದರು. ಅದಕ್ಕೆ ಯಾರನ್ನು ಬಯ್ಯುವುದು? ಅವರ ಮಾತೂ ಸರಿಯೇ. ಆದರೆ ಅಕ್ಕ ಅಷ್ಟು ದೂರ ಬಂದಿದ್ದಳಲ್ಲ. ಮಗಳು ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಎಲ್ಲ ಹೇಳಿದಳು, ನಾವು ಇಲ್ಲಿದ್ದದ್ದು, ಅಪ್ಪನ ಕೆಲಸ, ಕೋಟು, ಕಣ್ಣು. ಹುಡುಗಿ ನಡುವೆ ನಡುವೆ ಅಕ್ಕನ ಕಡೆ ನೋಡುತ್ತಿದ್ದಳು.

“ಅಜ್ಜಿ, ನಿಮ್ಮ ಒಲೆ ಎಲ್ಲಿತ್ತು?” ಎಂದು ಕೇಳಿದಳು.

ಅಕ್ಕ ಕೈ ತೋರಿಸಿದಳು. “ಅಲ್ಲಿ. ಆ ಬಾಟಲಿ ಇದ್ಯಲ್ಲ, ಅಲ್ಲಿ.”

“ಹೂಂ. ಗೋಡೆ ಕೆರೆಯುವಾಗ ಅಲ್ಲಿ ಮಾತ್ರ ಮಸಿ ಸಿಕ್ತಂತೆ. ಅವರು ಬಣ್ಣ ಕಾಯಿಸ್ತಿದ್ರೇನೋ ಅಂತ ನಮ್ಮ ಸಾಹೇಬ್ರು ಈಗ್ಲೂ ಯೋಚನೆ ಮಾಡ್ತಿದಾರೆ.” ಅವಳಿಗೇ ನಗು ಬಂತು. ಬಾಗಿಲ ಕಡೆ ಒಂದು ಸಲ ನೋಡಿ ಹೇಳಿದಳು. “ನಿಜ ಹೇಳ್ಬೇಕು ಅಂದ್ರೆ ಇಲ್ಲಿರೋ ಚಿತ್ರ ಎಲ್ಲ ನಕಲು. ಅಸಲಿ ಇರೋದು ದೊಡ್ಡ ಮ್ಯೂಸಿಯಂನಲ್ಲಿ. ಧೂಳು ಹೊಡೆಯುವಾಗ ಹೇಗೂ ಕಿಟಕಿ ತೆಗೀತೀವಿ. ಇವತ್ತಿನ್ನೂ ಧೂಳು ಹೊಡೆದಿಲ್ಲ.”

ಹಗ್ಗ ಬಿಚ್ಚಿ, ಕಿಟಕಿಯ ಕೆಳಗಿನ ಎರಡು ರೆಕ್ಕೆಗಳನ್ನು ತಳ್ಳಿದಳು. ಬೆಳಕು ಒಳಗೆ ಬಂತು. ಏನೆಂದು ಹೇಳಲಿ, ಯಾವ ಸದ್ದೂ ಮಾಡದೆ ಬಂತು. ನನ್ನ ಈ ಸೋಸುವ ಬಟ್ಟೆಯ ಕಣ್ಣಿಗೂ ಗೊತ್ತಾಯಿತು. ಭಾವ ಕತ್ತು ಬಗ್ಗಿಸಿ ಕೂತಿರುತ್ತಿದ್ದ ಮೇಜು, ಅದರ ಕಾಲಿಗೆ ಒರಗಿ ಪಾಠ ಒಪ್ಪಿಸುತ್ತಿದ್ದ ಮಗಳು, ತಾರಸಿಯಿಂದ ಲಡಿಗಳನ್ನು ತೋಳಿಗೆ ಹಾಕಿಕೊಂಡು ಇಳಿದು ಬರುತ್ತಿದ್ದ ಅಕ್ಕ, ಎಲ್ಲ ಒಮ್ಮೆಲೇ ಬಂದು ನಿಂತ ಹಾಗಾಯಿತು. ಮಗಳಿಗೂ ಹಾಗೇ ಆಗಿರಬೇಕು. ಅವಳು ತನಗೆ ಗೊತ್ತಿಲ್ಲದೆಯೇ ಪಕ್ಕಕ್ಕೆ ಸರಿದು ನಿಂತಿದ್ದಳು, ಬೆಳಕಿಗೆ ಅಡ್ಡ ಬಾರದ ಹಾಗೆ.

ಅಕ್ಕ ಕಿಟಕಿಯ ಕಟ್ಟೆಯ ಮೇಲೆ ಕೋಟಿನ ತೋಳು ಹಾಸಿದಳು. ನೂಲಿನ ಪೊಟ್ಟಣ ಬಿಚ್ಚಿದಳು. ಬಲಗಣ್ಣು ಮುಚ್ಚಿ ನೋಡಿದಳು.

“ಮುಳುಗಿದೆ,” ಎಂದಳು. ಮುಖ ಸ್ವಲ್ಪ ಅರಳಿತು.

ಎಡಗಣ್ಣು ಮುಚ್ಚಿದಳು. ತುಂಬ ಹೊತ್ತು ನೋಡಿದಳು.

“ತೇಲ್ತಾ ಇದೆ.”

ಅಂದರೆ ದೀಪದ ತಪ್ಪಲ್ಲ. ಈ ಬೆಳಕಲ್ಲೂ ಎರಡು ಕಣ್ಣು ಎರಡು ಮಾತು ಹೇಳುತ್ತಿದ್ದವು. ಕಿಟಕಿ ಮೊದಲ ಸಲ ತೀರ್ಪು ಹೇಳದೆ ಸುಮ್ಮನಾಗಿತ್ತು.

“ಒಂದು ಸುಳ್ಳು ಹೇಳ್ತಿದೆ,” ಎಂದಳು ಅಕ್ಕ. “ಹೊಸದೇ ಇರಬೇಕು. ನಿನ್ನೆ ಮೊನ್ನೆ ಬಂದದ್ದು, ಅದಕ್ಕೇನು ಗೊತ್ತು?”

ಹುಡುಗಿ ಹತ್ತಿರ ಬಂದಳು. “ಅವರೂ ಹೀಗೇ ಮಾಡ್ತಿದ್ರಂತೆ ಅಜ್ಜಿ, ಚಿತ್ರಗಾರರು. ಬಣ್ಣ ಕಲೆಸಿ, ಅನುಮಾನ ಬಂದ್ರೆ ಬೀದೀಲಿ ಹೋಗೋರನ್ನ ಕೂಗಿ ಕರೆದು, ‘ಇದು ಯಾವ ಬಣ್ಣ ಹೇಳಯ್ಯಾ’ ಅಂತಿದ್ರಂತೆ. ಜನ ಹುಚ್ಚು ಅಂತಿದ್ರಂತೆ.”

ಅಕ್ಕ ಅವಳ ಮುಖವನ್ನು ನೋಡಿದಳು. ಮುಖ ಅಲ್ಲ, ಕಣ್ಣು. “ನಿನಗೆ ಕನ್ನಡಕ ಇದ್ಯೇನಮ್ಮಾ?”

“ಇಲ್ಲ.”

“ಹಾಗಾದ್ರೆ ಇಲ್ಲಿ ಬಾ. ನನ್ನ ಮುಖ ನೋಡ್ಬೇಡ, ಕರುಣೆ ತೋರಿಸ್ಬೇಡ. ಈ ನೂಲುಗಳಲ್ಲಿ ಈ ಕೋಟಿಗೆ ಯಾವುದು ಸೇರತ್ತೆ ಅಂತ ಆರಿಸು. ರಫೂ ಕಡೆ ನೋಡಕೂಡದು.” ಎಂದು ರಫೂ ಮೇಲೆ ತನ್ನ ಅಂಗೈ ಮುಚ್ಚಿದಳು.

ಹುಡುಗಿ ಒಂದೊಂದನ್ನೇ ತೋಳಿನ ಮೇಲಿಟ್ಟು ನೋಡಿದಳು. ಅಕ್ಕ ಬಲಗಣ್ಣೊಂದನ್ನೇ ತೆರೆದು, ಬಾಯಿ ಬಿಗಿ ಹಿಡಿದು ಕಾಯುತ್ತಿದ್ದಳು. ಹುಡುಗಿ ಒಂದನ್ನು ಬಿಟ್ಟಳು, ಇನ್ನೊಂದನ್ನು ಬಿಟ್ಟಳು, ಕೊನೆಗೆ ಒಂದು ನೀಲಿ ಛಾಯೆಯ ಎಳೆಯನ್ನು ತೋಳಿನ ಮೇಲಿಟ್ಟು, “ಇದು ಕಾಣ್ತಾನೇ ಇಲ್ಲ ಅಜ್ಜಿ,” ಎಂದಳು.

ಅಕ್ಕನಿಗೂ ಬಲಗಣ್ಣಿನಲ್ಲಿ ಅದೇ ಎಳೆ ಮುಳುಗಿತ್ತು. ಅವಳು ಅಂಗೈ ತೆಗೆದಳು.

“ಅಯ್ಯೋ, ಇದ್ಯಾಕೆ ಕಂದು?” ಎಂದು ಹುಡುಗಿ ತಾನಾಗಿಯೇ ಹೇಳಿಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಹೊಸ ಕಣ್ಣು ನಿಜ ಹೇಳುತ್ತಿತ್ತು. ಸುಳ್ಳು ಹೇಳುತ್ತಿದ್ದುದು ಹಳೆಯದು, ನಂಬಿಕೊಂಡು ಬಂದದ್ದು.

ಮಗಳು ಅವಳ ಭುಜ ಹಿಡಿದಳು. “ಒಳ್ಳೇದೇ ಆಯ್ತಲ್ಲಮ್ಮಾ! ಹೊಸ ಕಣ್ಣು ಸರಿ ಇದೆ ಅಂದ್ರೆ ಸೂಜಿ ಕೆಳಗಿಡೋದೇ ಬೇಡ. ಇನ್ನೊಂದನ್ನೂ ಮಾಡಿಸಿದ್ರೆ ಆಯ್ತು.”

“ಆಯ್ತು,” ಎಂದಳು ಅಕ್ಕ. ಮತ್ತೆ ಆ ರಫೂ ಮೇಲೆ ಬೆರಳು ಆಡಿಸಿ, “ಆದ್ರೆ ಆ ಪೊರೆ ನಿನ್ನೆ ಬಂದಿದ್ದಲ್ಲ. ಎರಡು ಕಣ್ಣಿಗೂ ಎಷ್ಟು ವರ್ಷದಿಂದ ಇತ್ತೋ ಏನೋ. ಅಷ್ಟು ವರ್ಷವೂ ಊರ ಜನ ನನ್ನ ಕಂದು ಮಚ್ಚೆ ತೋಳ ಮೇಲೆ ಇಟ್ಕೊಂಡು ಓಡಾಡಿದಾರೆ. ಒಬ್ಬರಾದ್ರೂ ಬಾಯಿ ಬಿಟ್ಟಿಲ್ಲ. ಪಾಪ, ಮುದುಕಿ, ಅಂತ!” ಎಂದು ನಕ್ಕಳು. ನಗು ಜೋರಾಗಿಯೇ ಬಂತು. ಆದರೆ ಅರ್ಧದಲ್ಲಿ ಕಡಿಯಿತು. ಏನೋ ನೆನಪಾದವಳ ಹಾಗೆ ಕಟ್ಟೆಯ ಅಂಚು ಹಿಡಿದುಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಗಂಡ ಹೆಂಡತಿ ಇಬ್ಬರು ಬಂದು, ಕಿಟಕಿಯಲ್ಲಿ ಕೋಟು ಹಿಡಿದು ನಿಂತ ಅಕ್ಕನನ್ನು ಕಂಡು ದನಿ ತಗ್ಗಿಸಿದರು. “ಇವರು ಚಿತ್ರಗಾರರಿಗೆ ಏನಾಗ್ಬೇಕು?” ಎಂದು ಆ ಹೆಂಗಸು ಹುಡುಗಿಯನ್ನು ಕೇಳಿದಳು.

“ಏನೂ ಆಗ್ಬೇಕಿಲ್ಲ. ಈ ಮನೆಯವರು,” ಎಂದಳು ಹುಡುಗಿ.

ಹೊರಗೆ ಬಂದು ಮೆಟ್ಟಿಲ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಮಗಳು ಟೀ ತರಲು ಹೋದಳು. ಆಗ ಅಕ್ಕ ನನಗೊಬ್ಬಳಿಗೇ ಹೇಳಿದಳು.

“ನಿನ್ನ ಭಾವ ಮಲಗಿದಲ್ಲೇ ಇದ್ದಾಗ ಅವರ ಕೋಟಿನ ಮೊಣಕೈ ಹರಿದಿತ್ತು. ಅದೂ ಇದೇ ಥರದ ಬಣ್ಣ. ಇನ್ನು ಹಾಕ್ಕೊಳ್ಳಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆದ್ರೂ ಮಾಡಿದೆ. ಮಾಡಿ ಅವರ ಕೈಗೆ ಕೊಟ್ಟೆ. ಬೆರಳು ಆಡಿಸಿದ್ರು, ಕಣ್ಣ ಹತ್ರ ಹಿಡಿದ್ರು. ಬಿಚ್ಚು ಅಂತಾರೆ ಅಂದ್ಕೊಂಡೆ. ‘ಎಲ್ಲಿ ಮಾಡಿದೀಯೇ? ನನಗೆ ಸಿಗ್ತಾ ಇಲ್ಲ’ ಅಂದ್ರು. ಜೀವಮಾನದಲ್ಲಿ ಅದೊಂದೇ ಸಲ ಕಣೇ. ನಾನು ಯಾರಿಗೂ ಹೇಳಿಲ್ಲ, ಹೇಳಿದ್ರೆ ಸವೆದು ಹೋಗತ್ತೆ ಅಂತ.”

ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಆಗಲೇ ನನ್ನ ಕಣ್ಣು ಹೀಗಾಗಿತ್ತು ಅಂದ್ರೆ, ಅದೂ ಕಂದು ಮಚ್ಚೇನೇ ಅಲ್ವಾ? ಅವರಿಗೆ ಕಂಡಿರಬೇಕು. ಹೋಗೋ ಹೊತ್ತಲ್ಲಿ ಯಾಕೆ ಇವಳನ್ನ ನೋಯಿಸ್ಲಿ ಅಂತ ಹೇಳಿದ್ರು. ಅವರೂ ಊರವರ ಹಾಗೇ ಮಾಡಿದ್ರು.”

ನನಗೆ ಭಾವನ ಕೊನೆಯ ವರ್ಷ ಕಣ್ಣ ಮುಂದೆ ಬಂತು. ಬಂದದ್ದೇ ನಗು ಬಂತು.

“ಅಕ್ಕಾ, ಭಾವ ಕೊನೆಕೊನೆಗೆ, ಮಲಗೋಕೆ ಮುಂಚೆ, ಒಂದು ಕಾಲಿಗೆ ನೀಲಿ, ಒಂದು ಕಾಲಿಗೆ ಕರಿ ಕಾಲುಚೀಲ ಹಾಕ್ಕೊಂಡು ಓಡಾಡ್ತಿದ್ದದ್ದು ನೆನಪಿಲ್ವಾ? ಎರಡೂ ಒಂದೇ, ನಿಮಗೇ ಕಣ್ಣು ಕಾಣಲ್ಲ ಅಂತ ನಮ್ಮ ಮೇಲೇ ರೇಗ್ತಿದ್ರಲ್ಲ!”

ಅಕ್ಕ ನನ್ನನ್ನೇ ನೋಡಿದಳು.

“ಅವರಿಗೂ ಪೊರೆ ಇತ್ತು ಕಣಕ್ಕಾ. ಯಾರು ತೆಗೆಸಿದ್ರು? ನಿನ್ನ ಕಣ್ಣು ಹೇಗಿತ್ತೋ ಅವರದೂ ಹಾಗೇ. ನಿನಗೆ ಮುಳುಗಿದ್ದು ಅವರಿಗೂ ಮುಳುಗಿರತ್ತೆ. ಸುಳ್ಳು ಹೇಳೋ ಜನವಾ ಅವರು? ನಿಜವಾಗ್ಲೂ ಸಿಕ್ಕಿಲ್ಲ ಅವರಿಗೆ.”

ಮಗಳು ಟೀ ತಂದಳು. ಅಕ್ಕ ಊದಿ ಊದಿ ಕುಡಿದಳು. ಲೋಟ ಖಾಲಿಯಾದ ಮೇಲೆ, “ಕಾಲುಚೀಲ,” ಎಂದು ತನ್ನಷ್ಟಕ್ಕೇ ನಕ್ಕಳು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳು ಗಡಿಯಾರದವನ ಕೋಟು ಮುಟ್ಟಲಿಲ್ಲ. ಪೆಟ್ಟಿಗೆ ತಳದಿಂದ ಭಾವನ ಕೋಟು ತೆಗೆದಳು. ಬಾಲ್ಕನಿಯ ಬೆಳಕಿಗೆ ಮೊಣಕೈ ಹಿಡಿದು ಬಲಗಣ್ಣಲ್ಲಿ ನೋಡಿದಳು. ಇತ್ತು. ಸಾಕಷ್ಟು ಕಂದಾಗಿಯೇ ಇತ್ತು. ಸಣ್ಣ ಕತ್ತರಿ ತೆಗೆದುಕೊಂಡು ಮೊದಲ ಎಳೆಗೆ ತುದಿ ಚುಚ್ಚಿದಳು.

ಮಗಳು ಓಡಿ ಬಂದಳು. “ಅಮ್ಮಾ, ಬೇಡ! ಅಪ್ಪ ಮೆಚ್ಚಿದ್ದಂತೆ, ಚಿಕ್ಕಮ್ಮ ಹೇಳಿದ್ರು.”

ಅಕ್ಕ ನನ್ನ ಕಡೆ ಒಂದು ನೋಟ ಬಿಟ್ಟಳು, ಬಾಯಿ ಬಿಡಬೇಕಿತ್ತೇ ಎಂಬಂತೆ. ಮತ್ತೆ ಎಳೆಯ ಕಡೆ ಬಗ್ಗಿದಳು.

“ಮೆಚ್ಚಿದಾರಲ್ಲ, ಅದಕ್ಕೇ ಬಿಚ್ತಾ ಇದೀನಿ. ಸಿಗ್ತಾ ಇಲ್ಲ ಅಂತ ಹೇಳಿ ಹೋಗಿದಾರೆ. ಸಿಗದ ಹಾಗೆ ಮಾಡಿ ಇಡ್ಬೇಡ್ವಾ? ಸರಿ, ಆ ಕಡೆ ಸರಿ, ಬೆಳಕು ಬಿಡು.”